ಅಟ್ಟದ ಮೇಲಿನ ರಕ್ಕಸಿ

"ಗುರುಗಳೇ, ಮಕ್ಕಳ ಕತೆಯಲ್ಲಿ ರಕ್ಕಸಿ ಯಾಕೆ ಬೇಕು?" ಎಂದು ಶಿಷ್ಯ ಕೇಳಿದ. ಮಠದ ಮಕ್ಕಳಿಗೆ ಕತೆ ಹೇಳುವುದು ಅವನ ಪಾಲಿನ ಕೆಲಸ. "ಎಲ್ಲ ಕತೆಗಳಿಂದಲೂ ಅವಳನ್ನು ತೆಗೆದುಬಿಟ್ಟಿದ್ದೇನೆ. ನನ್ನ ಮನಸ್ಸಿನಲ್ಲೂ ಯಾರ ಮೇಲೂ ಸಿಟ್ಟಿಲ್ಲ. ಅಡುಗೆಯ ಬಸಯ್ಯನೊಬ್ಬ ಮಾತ್ರ ಯಾಕೋ ನನ್ನನ್ನು ಕಂಡರೆ ಉರಿದುಬೀಳುತ್ತಾನೆ."

ಗುರುಗಳ ಕಣ್ಣು ಅರಳಿತು. ಕೂತಲ್ಲೇ ಮುಂದಕ್ಕೆ ಸರಿದು, "ಕೇಳು ಮತ್ತೆ" ಎಂದರು.

ಒಂದೂರಲ್ಲಿ ತೊಗಲುಗೊಂಬೆ ಆಡಿಸುವವನೊಬ್ಬನಿದ್ದ. ಅವನಿಗೆ ಒಬ್ಬಳೇ ಮಗಳು, ದುರುಗಿ. ಐದು ವರ್ಷದ ಕೂಸು, ತಾಯಿ ತೀರಿಕೊಂಡಿದ್ದಳು. ಗೊಂಬೆಯವರ ಮನೆಯಲ್ಲಿ ದೇವರ ಗೊಂಬೆಗಳದ್ದೊಂದು ಗಂಟು, ರಕ್ಕಸರದ್ದೊಂದು ಗಂಟು. ಎರಡನ್ನೂ ಬೆರೆಸುವಂತಿಲ್ಲ, ಒಂದನ್ನು ಬಿಟ್ಟು ಇನ್ನೊಂದನ್ನು ಹೊರುವಂತಿಲ್ಲ. ಆದರೆ ತಾಯಿ ಹೋದ ಮೇಲೆ ಕೂಸು ರಕ್ಕಸಿಯ ಗೊಂಬೆ ಕಂಡರೆ ಚಿಟ್ಟನೆ ಚೀರುತ್ತಿತ್ತು. ಅಪ್ಪನ ಕರುಳು ತಡೆಯಲಿಲ್ಲ. ರಕ್ಕಸಿಯನ್ನು ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಆಟದಲ್ಲಿ ಅವಳು ಬರುವ ಹೊತ್ತಿಗೆ, "ರಕ್ಕಸಿ ತವರಿಗೆ ಹೋಗಿದ್ದಾಳೆ" ಎಂದುಬಿಡುತ್ತಿದ್ದ. ಜನ ಆಕಳಿಸಿದರು. ಆಕಳಿಸಲಿ, ಮಗಳು ಚೀರುವುದು ನಿಂತಿತಲ್ಲ ಎಂದುಕೊಂಡ.

ವರ್ಷ ಕಳೆದು ಇನ್ನೊಂದು ಮದುವೆಯಾದ. ಬಂದವಳೂ ಗೊಂಬೆಯವರ ಮಗಳೇ, ನಗುಮುಖದವಳು. ಕೂಸಿಗೆಂದು ಬಿಸಿ ರೊಟ್ಟಿ ತಟ್ಟಿದಳು, ಬೆಲ್ಲ ಸವರಿದಳು. ಕೂಸು ಮುಟ್ಟಲಿಲ್ಲ.

"ಇವಳ ಹಲ್ಲು ದಿನಾ ಉದ್ದ ಆಗ್ತಾವೆ ಅಪ್ಪ" ಎಂದಿತು. "ಉಗುರೂ ನೋಡು."

ನೋಡುನೋಡುತ್ತ ಕೂಸು ಕಡ್ಡಿಯಾಯಿತು. ಪಾಪ, ಆ ಹೆಂಗಸು ಕನ್ನಡಿ ಹಿಡಿದು ತನ್ನ ಹಲ್ಲನ್ನು ತಾನೇ ನೋಡಿಕೊಂಡಳು. ಕೊನೆಗೊಂದು ದಿನ ಗಂಡ ತಲೆ ತಗ್ಗಿಸಿ, "ಮಗು ಉಳೀಬೇಕಲ್ಲ. ನೀನು ತವರಿಗೆ ಹೊರಡು" ಎಂದು ಹೇಳಿ ಗಾಡಿ ತರಲು ಹೋದ.

ಅವಳು ಕಣ್ಣೊರೆಸಿಕೊಳ್ಳುತ್ತ ತನ್ನ ಪೆಟ್ಟಿಗೆ ಇಳಿಸಲು ಅಟ್ಟ ಹತ್ತಿದಳು. ಕೈಗೆ ಗೋಣಿ ತಗುಲಿತು. ಬಿಚ್ಚಿದರೆ ರಕ್ಕಸಿ! ಉದ್ದ ಹಲ್ಲು, ಕೆಂಪು ಉಗುರು. ಒಂದು ಕಿವಿಯನ್ನು ಇಲಿ ತಿಂದಿತ್ತು.

"ಅಯ್ಯೋ ನನ್ನವ್ವ" ಎಂದಳು, "ಇಷ್ಟು ದಿನ ನಿನ್ನ ವೇಷ ನಾನು ಕಟ್ಟಿದ್ದೆನಾ?"

ದಡದಡ ಇಳಿದಳು. ಹಾಡುಹಗಲಲ್ಲೇ ಬಾಗಿಲು ಕಿಟಕಿ ಮುಚ್ಚಿ, ಬಿಳಿ ಸೀರೆಯನ್ನು ಪರದೆಯಂತೆ ಕಟ್ಟಿ, ಹಿಂದೆ ದೀಪ ಹಚ್ಚಿದಳು. ರಕ್ಕಸಿ ಸೀರೆಯ ಮೇಲೆ ಎದ್ದು ನಿಂತಳು. "ದುರುಗೀ, ನಿನ್ನ ನುಂಗ್ತೀನಿ" ಎಂದು ಗುಡುಗಿದಳು.

ಕೂಸು ಚೀರಿ ಒರಳಿನ ಹಿಂದೆ ಅವಿತಿತು. ರಕ್ಕಸಿ ಕುಣಿದಳು, ಹಲ್ಲು ಕಡಿದಳು, ಅಣಕಿಸಿದಳು. ಕೂಸು ಇಣುಕಿತು. ಆಮೇಲೆ ಏನು ಬಂತೋ ಅದಕ್ಕೆ, ಮುದ್ದೆ ಕೋಲು ಎತ್ತಿಕೊಂಡು ಓಡಿ ಬಂದು ಬಾರಿಸತೊಡಗಿತು.

"ನಮ್ಮವ್ವನ್ನ ತಿಂದೋಳು ನೀನೇ. ನೀನೇ, ನೀನೇ."

ಸೀರೆಯ ಹಿಂದೆ ಅವಳ ಮೊಣಕೈಗೂ ನಾಲ್ಕು ಏಟು ಬಿದ್ದವು. ಅವಳು ಉಸಿರೆತ್ತಲಿಲ್ಲ. ರಕ್ಕಸಿಯನ್ನು ಹೊರಳಾಡಿಸಿ, ನರಳಿಸಿ, ಚೆನ್ನಾಗಿ ಸಾಯಿಸಿದಳು. ಆಮೇಲೆ ಹೊರಗೆ ಬಂದಳು. ಕೂಸು ಏದುಸಿರು ಬಿಡುತ್ತ ಅವಳ ಬಾಯನ್ನೇ ದಿಟ್ಟಿಸಿ ನೋಡಿತು. ತುಂಬ ಹೊತ್ತು ನೋಡಿತು.

"ಚಿಕ್ಕವ್ವ, ಹಸಿವು" ಎಂದಿತು.

ಗಂಡ ಬಂದಾಗ ಮಗಳು ಅವಳ ತೊಡೆಯ ಮೇಲೆ ಕೂತು ಎರಡನೇ ರೊಟ್ಟಿ ಮುರಿಯುತ್ತಿದ್ದಳು. "ನಾಳೆ ಮತ್ತೆ ಅವಳನ್ನ ಬದುಕಿಸ್ತೀಯಾ?" ಎಂದು ಕೇಳುತ್ತಿದ್ದಳು.

"ಗಾಡಿ ಬಂತಾ?" ಎಂದಳು ಹೆಂಡತಿ. "ಖಾಲಿ ಕಳಿಸಬೇಡಿ. ಆಟಕ್ಕೆ ಎರಡೂ ಗಂಟು ಹೇರಿ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಖುಷಿಯಿಂದ, "ಪಾಪ, ಅಟ್ಟದ ರಕ್ಕಸಿಯನ್ನೇ ಚಿಕ್ಕವ್ವನಲ್ಲಿ ಕಾಣುತ್ತಿದ್ದೇನೆ ಎಂದು ಕೂಸಿಗೆ ತಿಳಿದಿರಲಿಲ್ಲ" ಎಂದ.

"ಅದಿರಲಿ" ಎಂದರು ಗುರುಗಳು. "ನಮ್ಮ ಬಸಯ್ಯನ ಹಲ್ಲು ಈಗ ಎಷ್ಟುದ್ದ ಆಗಿವೆ?"