ಹುಚ್ಚೀರಪ್ಪನ ಹೆಚ್ಚಿದ ಬಳೆ

ಪಂದ್ಯ ಇಷ್ಟೇ: ದಾರಿಯಲ್ಲಿ ಒಂದು ಬಳೆ ಹೆಚ್ಚಿದರೂ ಹುಚ್ಚೀರಪ್ಪ ಹೊಳೆದಂಡೆಯ ವ್ಯಾಪಾರ ಬಿಡಬೇಕು, ಹೆಚ್ಚದಿದ್ದರೆ ಗದಿಗೆಪ್ಪ ಬಿಡಬೇಕು. ಹೆಚ್ಚುವುದು ಅಂದರೆ ಗೊತ್ತಲ್ಲ? ಬಳೆ ಚೂರಾದರೂ ಮುತ್ತೈದೆಯರ ಮುಂದೆ ಹೆಚ್ಚಿತು ಅನ್ನಬೇಕು, ಬೇರೆ ಮಾತು ಆಡಬಾರದು.

ಬಹಳ ಹಿಂದೆ, ಮಲಪ್ರಭೆಯ ದಂಡೆಯ ಒಂದು ಊರಲ್ಲಿ ಇವರಿಬ್ಬರೂ ಬಳೆಗಾರರು. ಗದಿಗೆಪ್ಪನಿಗೆ ಚಕ್ಕಡಿ, ಜೋಡೆತ್ತು. ಹುಚ್ಚೀರಪ್ಪನಿಗೆ ಒಂದು ಸೈಕಲ್ಲು, ಹಿಂದೆ ಹುಲ್ಲು ತುಂಬಿದ ಬುಟ್ಟಿ. ಚಕ್ಕಡಿ ಮನೆಬಾಗಿಲಿಗೆ ಬಂದರೂ ಹೆಂಗಸರು ಕೈ ಚಾಚುತ್ತಿರಲಿಲ್ಲವಂತೆ, ಹೊಳೆಕಡೆಯಿಂದ ಬರುವ ಹುಚ್ಚೀರಪ್ಪನ ಸೈಕಲ್ ಗಂಟೆಗೆ ಕಾಯುತ್ತಿದ್ದರಂತೆ. ಹುಚ್ಚೀರಪ್ಪ ತೊಡಿಸಿದರೆ ಬಳೆ ನೋಯದೆ ಏರುತ್ತಿತ್ತು, ಅಂತಾರೆ. ಗದಿಗೆಪ್ಪನ ಹೆಂಡತಿಯೂ ಕದ್ದು ಹುಚ್ಚೀರಪ್ಪನ ಹತ್ತಿರವೇ ಬಳೆ ಇಡಿಸಿಕೊಂಡಿದ್ದಳಂತೆ. ಅವತ್ತಿನಿಂದ ಆ ಗಂಟೆ ಕೇಳಿದರೆ ಗದಿಗೆಪ್ಪ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ.

ಹೊಳೆ ಹೋಗಿ ಕೃಷ್ಣೆಯನ್ನು ಕೂಡುವ ಕಡೆಯ ಊರಲ್ಲಿ ಗೌಡರ ಮೊಮ್ಮಗಳ ಮದುವೆ ಬಂತು. ಬಳೆಗೆ ಹೇಳಿಕಳಿಸಿದ್ದು ಹುಚ್ಚೀರಪ್ಪನಿಗೆ. ಆಗ ಗದಿಗೆಪ್ಪ ನಾಲ್ಕು ಜನರ ಮುಂದೆ ಪಂದ್ಯ ಕಟ್ಟಿದ. ಸುದ್ದಿ ದಂಡೆಯುದ್ದಕ್ಕೂ ಹಬ್ಬಿತು.

ದಿನಗಟ್ಟಲೆ ಕಾಲುದಾರಿ. ಗದಿಗೆಪ್ಪ ಅಲ್ಲಲ್ಲಿ ಜಾಲಿಮುಳ್ಳು ಹರವಿಸಿದ್ದನಂತೆ. ಹುಚ್ಚೀರಪ್ಪ ಸೈಕಲ್ಲನ್ನೇ ಹೆಗಲಿಗೇರಿಸಿ ದಾಟಿದನಂತೆ. ಎರೆಮಣ್ಣು ಚಕ್ರಕ್ಕೆ ಮೆತ್ತಿದರೆ ಕೆರೆದು ಕೆರೆದು ಸಾಗಿದನಂತೆ. ಹೊಳೆ ನೀರಿನ ಮೇಲೆಯೇ ಸೈಕಲ್ ತುಳಿದುಕೊಂಡು ಹೋದ ಅನ್ನುವವರೂ ಇದ್ದಾರೆ. ನಾನು ವ್ಯಾಪಾರಿ, ಅದನ್ನು ನಂಬುವುದಿಲ್ಲ, ತೆಪ್ಪದವನು ದಾಟಿಸಿರಬೇಕು.

ಮದುವೆಮನೆ ಅಂಗಳದಲ್ಲಿ ಗದಿಗೆಪ್ಪ ಮೊದಲೇ ಬಂದು ಕೂತಿದ್ದ. ಹುಚ್ಚೀರಪ್ಪ ಹುಲ್ಲು ಬಿಡಿಸಿದ. ಹಸಿರು ಬಳೆ, ಸರದ ಮೇಲೆ ಸರ, ಗೀರಿಲ್ಲ. ಬುಡದ ಸರದಲ್ಲಿ ಮಾತ್ರ ಒಂದೇ ಒಂದು ಬಳೆ ಎರಡು ಹೋಳಾಗಿತ್ತು. ಗದಿಗೆಪ್ಪ ಎದ್ದು ಕುಣಿದ.

“ಒಡದೈತಿ ನೋಡ್ರಿ, ಬಳಿ ಒಡದೈತಿ.”

ಮದುಮಗಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳ ಅಜ್ಜಿ ತಂಬಿಗೆ ನೀರು ತಂದು ಗದಿಗೆಪ್ಪನ ಮುಂದಿಟ್ಟಳು.

“ಗೆದ್ದಿ ತಮ್ಮಾ. ಹೊಳಿದಂಡಿ ನಿಂದ. ಮೊದಲ ಬಾಯಿ ತೊಳಕೊ.”

ಹುಚ್ಚೀರಪ್ಪ ಮಾತಿಗೆ ತಪ್ಪಲಿಲ್ಲ. ಮತ್ತೆ ದಂಡೆಯ ದಾರಿ ತುಳಿಯಲಿಲ್ಲ. ಮದುವೆಯ ಆ ಊರಲ್ಲೇ, ದಂಡೆಯಿಂದ ಒಳಗಿನ ಒಂದು ಹುಣಸೆಮರಕ್ಕೆ ಸೈಕಲ್ ಆನಿಸಿ ಕೂತುಬಿಟ್ಟ. ದಂಡೆಯ ಹೆಂಗಸರೇ ಬಳೆಗೆ ಅವನ ಹತ್ತಿರ ನಡೆದು ಬಂದರಂತೆ. ಗದಿಗೆಪ್ಪನ ಹೆಂಡತಿಯೂ ಬಂದಳಂತೆ, ಈ ಸಲ ಗಂಡನಿಗೆ ಹೇಳಿಯೇ.

ಈಗಲೂ ಆ ಕಡೆ ಮದುವೆಗೆ ಬಳೆ ತಂದವರು ಹುಣಸೆಮರದ ಕೆಳಗೆ ಸೈಕಲ್ ಗಂಟೆ ಬಾರಿಸಿಯೇ ಬುಟ್ಟಿ ಬಿಚ್ಚುತ್ತಾರೆ. ಬಳೆ ಹೆಚ್ಚಿದರೆ ಹುಚ್ಚೀರಪ್ಪನ ಪಾಲು ಅಂತ ಹೊಳೆಗೆ ಬಿಡುತ್ತಾರೆ.

ಕೊನೆಗೆ ಯಾರಿಗೇನು ದಕ್ಕಿತು ಅಂತೀರಾ? ದಂಡೆ ಪೂರ್ತಿ ಗದಿಗೆಪ್ಪನಿಗೆ. ಕೈಗಳೆಲ್ಲ ಹುಚ್ಚೀರಪ್ಪನಿಗೆ.