ಕೈಮರದ ಓಬಳಯ್ಯನೂ ಹನ್ನೊಂದು ಬುಟ್ಟಿಯೂ

ಬಹಳ ಹಿಂದೆ, ನೆಗ್ಗಿಲಹಳ್ಳಿ ಅನ್ನೋ ಒಂದೂರಲ್ಲಿ, ಕೈಮರದ ಓಬಳಯ್ಯ ಅಂತ ಒಬ್ಬನಿದ್ದನಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ. ನನಗೆ ಹೇಳಿದವಳು ನಮ್ಮಜ್ಜಿ, ಅವಳಿಗೆ ಯಾರು ಹೇಳಿದರೋ ಗೊತ್ತಿಲ್ಲ. ಹೇಳುವಾಗ ಅವಳಿಗೆ ಸಿಟ್ಟು ಬರುತ್ತಿತ್ತು, ಈಗ ನನಗೂ ಬರುತ್ತೆ. ಕೇಳಿದ ಮೇಲೆ ನಿಮಗೆ ಬರದಿದ್ದರೆ ಎದ್ದು ಹೋಗಿ, ನನಗೇನೂ ಬೇಜಾರಿಲ್ಲ.

ಆಗ ಬಿಳೀ ದೊರೆಗಳ ಕಾಲವಂತೆ. ದೊಡ್ಡ ರೈಲುದಾರಿಯಿಂದ ಒಂದು ಕವಲು ಒಡೆದು ನಮ್ಮೂರ ತನಕ ಬಂತಂತೆ. ಅದನ್ನು ಹಾಕಿಸಿದ ದೊರೆಗೆ ತನ್ನ ದೇಶದ ಹಳ್ಳಿ ಸ್ಟೇಷನ್ ನೆನಪಾಯಿತಂತೆ. ಥೇಟ್ ಅಂಥದ್ದೇ ಇಲ್ಲೂ ಬೇಕು ಅಂದನಂತೆ. ಸೂರಿನ ಅಂಚಿಗೆಲ್ಲ ಮರದ ಕೆತ್ತನೆ, ಕಿಟಕಿಗೆ ಬಣ್ಣದ ಗಾಜು, ಹಿಮ ಜಾರಿ ಬೀಳಲಿ ಅಂತ ಕಡಿದಾದ ಹೆಂಚಿನ ಮಾಡು. ಹಿಮ! ನೆಗ್ಗಿಲಹಳ್ಳಿಯಲ್ಲಿ! ನಮ್ಮಲ್ಲಿ ಮಳೆ ಬಿದ್ದರೇ ಜನ ಹೊರಗೆ ಬಂದು ನಿಂತು ನೋಡುತ್ತಾರೆ.

ಸ್ಟೇಷನ್ ತನಕ ದಾರಿ ಬರಬೇಕಾದರೆ ನಡುವಿನ ಗುಡ್ಡ ಕಡಿಯಬೇಕಿತ್ತು. ನಮ್ಮ ಜನ ಸಾಲಾಗಿ ನಿಂತು ಮಣ್ಣಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರಂತೆ. ಒಂದು ದಿನ ಮಳೆ ಹಿಡಿಯಿತು. ಗುಡ್ಡ ಬಿರುಕು ಬಿಡುತ್ತಿದೆ, ಇವತ್ತು ಬೇಡ ಅಂತ ಜನ ಹೇಳಿದರು. ಮೇಸ್ತ್ರಿ ಕಿವಿಗೆ ಹಾಕಿಕೊಳ್ಳಲಿಲ್ಲ, ದೊರೆ ತಾರೀಕು ಕೊಟ್ಟಾಗಿದೆ ಅಂದ. ಮಧ್ಯಾಹ್ನದ ಹೊತ್ತಿಗೆ ಗುಡ್ಡ ಜಾರಿತು. ಸಾಲಿನಲ್ಲಿದ್ದ ಹನ್ನೊಂದು ಜನ ಬುಟ್ಟಿ ಸಮೇತ ಅದರ ಕೆಳಗೆ ಹೋದರು. ಕೊನೆಯಲ್ಲಿ ನಿಂತಿದ್ದವಳು ಗಾದ್ರಮ್ಮ. ಅವಳ ಕೂಸು ಅಲ್ಲೇ ಜಾಲಿಮರದ ಜೋಲಿಯಲ್ಲಿತ್ತು. ಆ ಕೂಸೇ ಓಬಳಯ್ಯ.

ರೈಲು ಮಾತ್ರ ಕೊಟ್ಟ ತಾರೀಕಿಗೇ ಬಂತಂತೆ, ಹೂವಿನ ಹಾರ ಹಾಕಿಕೊಂಡು. ಸ್ಟೇಷನ್ ಗೋಡೆಗೆ ಕಲ್ಲು ಕೂರಿಸಿದರು, ಇದನ್ನು ಕಟ್ಟಿದವನು ಇಂಥ ದೊರೆ ಅಂತ. ದೊರೆ ಒಂದು ಇಟ್ಟಿಗೆ ಎತ್ತಿಟ್ಟಿದ್ದನೇ? ಹನ್ನೊಂದು ಜನರ ಹೆಸರು ಒಂದು ಮೂಲೆಯಲ್ಲೂ ಇರಲಿಲ್ಲ.

ಓಬಳಯ್ಯ ಚಿಕ್ಕಮ್ಮನ ಕೈಯಲ್ಲಿ ಬೆಳೆದು, ಅದೇ ಸ್ಟೇಷನ್ನಿನಲ್ಲಿ ಗಾಡಿಗೆ ಸಿಗ್ನಲ್ ಕೊಡುವ ಕೈಮರ ಎತ್ತಿ ಇಳಿಸುವ ಕೆಲಸಕ್ಕೆ ಸೇರಿದನಂತೆ. ಇನ್ನೊಂದು ಕೆಲಸವೂ ಅವನದೇ, ಡ್ರೈವರನಿಗೆ ಗುಂಡು ಕೊಡುವುದು. ದಾರಿ ಒಂದೇ, ಎದುರಿಂದ ಇನ್ನೊಂದು ಗಾಡಿ ಬಂದರೆ ಗತಿಯೇನು? ಅದಕ್ಕೆ ಒಂದು ಕಬ್ಬಿಣದ ಗುಂಡು. ಅದು ಯಾರ ಕೈಯಲ್ಲಿದೆಯೋ ಆ ಗಾಡಿಗೆ ಮಾತ್ರ ದಾರಿ. ಗುಂಡು ಕೈಗೆ ಬರದೆ, ಗಾಡಿಯೊಳಗೆ ಲಾಟ್ ಸಾಹೇಬನೇ ಕೂತಿದ್ದರೂ, ಡ್ರೈವರ್ ಒಂದು ಗೇಣು ಮುಂದೆ ಹೋಗುವಂತಿಲ್ಲ. ಓಬಳಯ್ಯನಿಗೆ ಈ ಕಾನೂನು ಬಲು ಇಷ್ಟವಂತೆ.

ಆಮೇಲೆ ದೊರೆಗಳು ಹೋದರು. ನಮ್ಮವರೇ ಬಂದು ಈ ಕವಲುದಾರಿ ದಂಡ ಅಂದರು. ಕಂಬಿ ಕಿತ್ತರು, ಹೆಂಚು ಯಾರ್‍ಯಾರದೋ ಮನೆಗೆ ಹೋಯಿತು. ಆವತ್ತಿಂದ ಓಬಳಯ್ಯ ತನ್ನ ಪಡಸಾಲೆಯಲ್ಲಿ ಕೂತು ಇಡೀ ಸ್ಟೇಷನ್ನನ್ನು ಪುಟ್ಟದಾಗಿ ಕಟ್ಟತೊಡಗಿದನಂತೆ. ಏಳು ವರ್ಷ ಕಟ್ಟಿದ ಅಂತಾರೆ, ಹನ್ನೆರಡು ಅಂತಲೂ ಅಂತಾರೆ. ಕೊಡೆಯ ಕಡ್ಡಿ ಕಂಬಿಯಾಯಿತು. ಸೋರೆಬುರುಡೆ ಕತ್ತರಿಸಿ ಉಗುರಗಲದ ಹೆಂಚು ಮಾಡಿದ. ಚಿಕ್ಕಮ್ಮನ ಬಳೆಚೂರು ಕೈಮರದ ಕೆಂಪು ಹಸಿರು ದೀಪವಾಯಿತು. ಹಳೇ ಗಡಿಯಾರದ ಸ್ಪ್ರಿಂಗು ಇಂಜಿನ್ನಿನ ಹೊಟ್ಟೆ ಸೇರಿತು. ಅಳತೆ ಎಲ್ಲಾ ಹೆಜ್ಜೆಯದು, ಪಾಳು ಸ್ಟೇಷನ್ನಿನಲ್ಲಿ ಒಂದು ಹೆಜ್ಜೆಗೆ ಇಲ್ಲಿ ಒಂದು ಬೆರಳು. ಅವನ ಎಡಗಾಲು ಸ್ವಲ್ಪ ಮೋಟು, ಹಾಗಾಗಿ ಪ್ಲಾಟ್‌ಫಾರಂ ಒಂದು ಕಡೆ ಸೊಟ್ಟಗಾಯಿತಂತೆ. ಊರವರು ನಕ್ಕರು. ದೊರೆಗೆ ಹೇಳಬೇಡ್ರಪ್ಪಾ, ಸಂಬಳ ಹಿಡೀತಾನೆ ಅಂತ ಅವನೂ ನಕ್ಕನಂತೆ.

ಆದರೆ ಒಂದು ಕೆಲಸವನ್ನು ನಗದೆ ಮಾಡಿದ. ಪ್ಲಾಟ್‌ಫಾರಂ ಉದ್ದಕ್ಕೂ ಹನ್ನೊಂದು ಮರದ ಗೊಂಬೆ ನಿಲ್ಲಿಸಿದ. ಎಲ್ಲರ ಕೈಯಲ್ಲೂ ಬುಟ್ಟಿ. ಗಾಡಿ ಬಂದು ನಿಂತರೆ ಮೊದಲ ಬುಟ್ಟಿ ಬಾಗುತ್ತಿತ್ತು. ಅದರಲ್ಲಿದ್ದ ಸೀಸದ ಗುಂಡು ಎರಡನೆಯದಕ್ಕೆ ಬೀಳುತ್ತಿತ್ತು, ಅಲ್ಲಿಂದ ಮೂರನೆಯದಕ್ಕೆ. ಹೀಗೆ ದಾಟಿ ದಾಟಿ ಕೊನೆಗೆ ಗಾದ್ರಮ್ಮನ ಬುಟ್ಟಿಯಿಂದ ಇಂಜಿನ್ನಿಗೆ ಬೀಳುತ್ತಿತ್ತು. ಗುಂಡಿನ ಭಾರಕ್ಕೆ ಗಾಲಿಯ ಅಗುಳಿ ಎದ್ದು ಗಾಡಿ ಹೊರಡುತ್ತಿತ್ತು. ಒಂದು ಗೊಂಬೆ ತೆಗೆದರೂ ಗಾಡಿ ನಿಂತಲ್ಲೇ.

ಸುದ್ದಿ ಪಟ್ಟಣ ಮುಟ್ಟಿತು. ಹಳೇ ರೈಲಿನ ವಸ್ತುಗಳನ್ನೆಲ್ಲ ಕೂಡಿಹಾಕುತ್ತಿದ್ದ ಒಬ್ಬ ಸಾಹೇಬರು ಜೀಪಿನಲ್ಲಿ ಬಂದರಂತೆ. ಗಾಡಿ ಓಡಿದ್ದನ್ನು ನೋಡಿದರು. ನೋಡಿದ್ದೇನು ಮಣ್ಣು! ಕಣ್ಣೆಲ್ಲ ಸೂರಿನ ಕೆತ್ತನೆ ಮೇಲೆ. ಆಹಾ, ಎಂಥಾ ದೊರೆ, ಎಂಥಾ ರುಚಿ ಅಂತ ಹೊಗಳಿದ್ದೇ ಹೊಗಳಿದ್ದು. ಗುಂಡು ಹನ್ನೊಂದು ಬುಟ್ಟಿ ದಾಟಿದ್ದು ಅವರಿಗೆ ಕಾಣಲೇ ಇಲ್ಲ. ಪಟ್ಟಣದಲ್ಲಿ ಹೊಸ ಮ್ಯೂಸಿಯಂ ಮಾಡುತ್ತಿದ್ದೇವೆ, ಇದನ್ನು ಅಲ್ಲಿ ಗಾಜಿನೊಳಗೆ ಇಡುತ್ತೇವೆ ಅಂದರು. ಓಬಳಯ್ಯ ಬೇರೇನೂ ಕೇಳಲಿಲ್ಲ, ಮುಂದೆ ಹಾಕುವ ಹಲಗೆಯಲ್ಲಿ ಹನ್ನೊಂದು ಹೆಸರು ಬರೆಸಿ ಅಂದ. ಅದಕ್ಕೇನಂತೆ, ಬರೆಸೋಣ ಅಂದರು ಸಾಹೇಬರು.

ಉದ್ಘಾಟನೆಯ ದಿನ ಓಬಳಯ್ಯ ಒಗೆದ ಪಂಚೆ ಉಟ್ಟು ಬಸ್ಸು ಹತ್ತಿ ಹೋದನಂತೆ. ಕಟ್ಟಿದವನಿಗೇ ಕುರ್ಚಿ ಇರಲಿಲ್ಲ, ಹಿಂದೆ ಗೋಡೆಗೆ ಒರಗಿ ನಿಂತ. ಹಲಗೆಯಲ್ಲಿ ದೊರೆಯ ಹೆಸರು ಮಾತ್ರ ಇತ್ತು. ಗಾಜಿನೊಳಗೆ ಅವನ ಜನ ಇರಲಿಲ್ಲ. ಬುಟ್ಟಿ ಹೊತ್ತ ಕರೀ ಗೊಂಬೆಗಳಿಂದ ನೋಟ ಕೆಡುತ್ತೆ ಅಂತ ಕಿತ್ತು, ಕೊಡೆ ಹಿಡಿದ ಒಬ್ಬ ದೊರೆ ಒಬ್ಬಳು ದೊರೆಸಾನಿಯನ್ನು ನಿಲ್ಲಿಸಿದ್ದರು. ಗುಡ್ಡ ಒಂದು ಸಲ ಹೂತಿತ್ತು, ಇವರು ಇನ್ನೊಂದು ಸಲ ಹೂತರು. ಇದನ್ನು ಹೇಳುವಾಗ ನನಗೆ ಈಗಲೂ ಮೈಯೆಲ್ಲ ಉರಿಯುತ್ತೆ.

ಬಂದಿದ್ದ ದೊಡ್ಡ ಮನುಷ್ಯರು ಕೀಲಿ ತಿರುಗಿಸಿದರು. ಗಾಡಿ ಠೀವಿಯಿಂದ ಬಂದು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿತು. ನಿಂತಿದ್ದು ನಿಂತೇ ಇತ್ತು. ಮತ್ತೆ ಕೀಲಿ ಕೊಟ್ಟರು, ಬೆರಳಿಂದ ನೂಕಿದರು, ಗಡಿಯಾರ ರಿಪೇರಿಯವನನ್ನು ಕರೆಸಿದರು. ಊಹೂಂ. ಸಾಹೇಬರು ಬೆವರು ಒರೆಸಿಕೊಳ್ಳುತ್ತಾ ಕಟ್ಟಿದವನು ಎಲ್ಲಿ, ಎಲ್ಲಿ ಅಂತ ಕೂಗಿದರಂತೆ.

ಓಬಳಯ್ಯ ಮುಂದೆ ಬಂದ. "ಗುಂಡು ಕೊಟ್ಟಿಲ್ಲ ಸ್ವಾಮೀ," ಅಂದ. "ಕೊಡೋರ್‍ನ ಎಲ್ಲಿ ಹಾಕಿದ್ದೀರಿ?"

ಸಾಮಾನಿನ ಕೋಣೆಯಿಂದ ಗೋಣಿಚೀಲ ಬಂತು. ಓಬಳಯ್ಯ ಒಂದೊಂದೇ ಗೊಂಬೆ ತೆಗೆದು, ಧೂಳು ಒರೆಸಿ, ಅದರ ಜಾಗದಲ್ಲಿ ನಿಲ್ಲಿಸಿದ. ನಿಲ್ಲಿಸುವಾಗ ಒಂದೊಂದೇ ಹೆಸರು ಗಟ್ಟಿಯಾಗಿ ಕೂಗಿದ. ಪಾಲಯ್ಯ. ಬೋರಕ್ಕ. ಚಿತ್ತಯ್ಯ. ದುಗ್ಗಪ್ಪ. ಹುಸೇನಿ. ತಿಪ್ಪಕ್ಕ. ಕಾಟಯ್ಯ. ಈರಬಡಪ್ಪ. ಮಾರಕ್ಕ. ಜಂಪಣ್ಣ. ಕೊನೆಗೆ, ಗಾದ್ರಮ್ಮ. ಕೂತಿದ್ದವರು ಯಾಕೆ ಎದ್ದರೋ ಅವರಿಗೇ ತಿಳಿಯದು, ಆದರೆ ಎದ್ದು ನಿಂತರು ಅಂತಾರೆ. ಓಬಳಯ್ಯ ಚೀಲದ ತಳದಲ್ಲಿದ್ದ ಗುಂಡನ್ನು ಮೊದಲ ಬುಟ್ಟಿಗೆ ಹಾಕಿದ, ಅದು ಬುಟ್ಟಿಯಿಂದ ಬುಟ್ಟಿಗೆ ದಾಟಿತು. ಗಾಡಿ ಹೊರಟಿತು.

ಹಲಗೆ ಬದಲಾಯಿಸುತ್ತೀರಾ ಅಂತ ಓಬಳಯ್ಯ ಕೇಳಿದ. ಮೇಲಿನವರನ್ನು ಕೇಳಬೇಕು, ನೋಡೋಣ ಅಂದರು ಸಾಹೇಬರು. ಓಬಳಯ್ಯ ಗಾಜಿನೊಳಗೆ ಕೈ ಹಾಕಿದ. ಹನ್ನೊಂದು ಗೊಂಬೆಯನ್ನೂ ಗುಂಡನ್ನೂ ಟವಲ್ಲಿನಲ್ಲಿ ಗಂಟು ಕಟ್ಟಿಕೊಂಡು ಸಂಜೆ ಬಸ್ಸಿಗೆ ಊರಿಗೆ ಬಂದುಬಿಟ್ಟನಂತೆ. ಆ ಗಾಡಿ ಈಗಲೂ ಅಲ್ಲಿ ಗಾಜಿನೊಳಗೆ ನಿಂತಿದೆ. ಕೆಟ್ಟಿದೆ, ಮುಟ್ಟಬೇಡಿ ಅಂತ ಚೀಟಿ ಅಂಟಿಸಿದ್ದಾರೆ. ನಾಚಿಕೆಯಾಗಬೇಕು! ಗಾಡಿಗೆ ಏನೂ ಆಗಿಲ್ಲ, ಅದು ಕಾನೂನು ಪಾಲಿಸುತ್ತಾ ನಿಂತಿದೆ.

ಓಬಳಯ್ಯ ಹೋಗಿ ಎಷ್ಟೋ ಕಾಲವಾಯಿತು. ನೆಗ್ಗಿಲಹಳ್ಳಿಗೆ ಈಗ ದಿನಕ್ಕೆರಡು ಬಸ್ಸು. ನಿಲ್ದಾಣದ ಬೇವಿನ ಬುಡದಲ್ಲಿ ಗುಂಡಿನ ಹಾಗೆ ಒಂದು ಉರುಟು ಕಲ್ಲಿದೆ. ಬಸ್ಸು ಹೊರಡುವ ಮುಂಚೆ ಅಲ್ಲಿದ್ದವರು, ಊರವರಾಗಲಿ ಪರಊರವರಾಗಲಿ, ಸಾಲಾಗಿ ನಿಂತು ಆ ಕಲ್ಲನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಒಂದೊಂದು ಕೈಗೆ ಒಂದೊಂದು ಹೆಸರು ಹೇಳುತ್ತಾರೆ. ಹನ್ನೊಂದಕ್ಕೆ ಜನ ಕಮ್ಮಿಯಿದ್ದರೆ ಕೊಟ್ಟವರೇ ಓಡಿ ಹೋಗಿ ಸಾಲಿನ ತುದಿಯಲ್ಲಿ ಮತ್ತೆ ಕೈಚಾಚುತ್ತಾರೆ. ಹೊಸ ಡ್ರೈವರ್‌ಗಳು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಾರೆ, ಒಬ್ಬರೂ ಹತ್ತುವುದಿಲ್ಲ. ಕೊನೆಯ ಕೈ ಕಿಟಕಿಯೊಳಗೆ ಹೋಗಿ, ಡ್ರೈವರನ ಅಂಗೈ ಮೇಲೆ ಕಲ್ಲಿಟ್ಟು, ಗಾದ್ರಮ್ಮ ಅನ್ನಬೇಕು. ಅವನೂ ಗಾದ್ರಮ್ಮ ಅನ್ನಬೇಕು. ಆಮೇಲೇ ನಮ್ಮೂರ ಬಸ್ಸು ಹೊರಡುವುದು.