ಕಾದರೂ ಬಿಳಿ, ಆರಿದರೂ ಬಿಳಿ

ನದಿ ತಿರುವು ತೆಗೆದುಕೊಳ್ಳುವ ಕಡೆ ಒಂದು ಆಶ್ರಮ. ಸಂಜೆಯಾಗುತ್ತಲೇ ಮಂಜು ಇಳಿಯುತ್ತಿತ್ತು. ಎದುರು ದಡ ಇನ್ನೂ ಅಲ್ಲೇ ಇದೆ ಎಂದು ಯಾರೂ ಆಣೆಯಿಟ್ಟು ಹೇಳುವಂತಿರಲಿಲ್ಲ.

ಗುರು ಕಮಲಾಕ್ಷಮ್ಮ ಹಿಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವರು. ಆಶ್ರಮದಲ್ಲೂ ಒಂದು ಔಷಧಿ ಕೋಣೆ ಇಟ್ಟಿದ್ದರು. ನಾಲ್ಕು ಗಾಜಿನ ಬೀಕರು, ಕಷಾಯ ಕಾಯಿಸಲು ಒಂದು ಹಳೆಯ ಕರೆಂಟಿನ ಹಾಟ್ ಪ್ಲೇಟು. ಅದರ ತಟ್ಟೆ ಕಾದಾಗಲೂ ಬಿಳಿ, ಆರಿದಾಗಲೂ ಬಿಳಿ.

ಅಲ್ಲಿನ ನಿಯಮ ಒಂದೇ. ಧ್ಯಾನದ ಗಂಟೆ ಬಾರಿಸಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಏಳಬೇಕು. ಶಿಷ್ಯೆ ಸೋಮಪ್ರಭೆಯಂತೂ ಆಡುತ್ತಿದ್ದ ಮಾತನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು.

ಏಳದವಳು ಅಂಬಕ್ಕ ಒಬ್ಬಳೇ. ಮುದುಕಿ, ಕಣ್ಣು ಕಾಣದು. ಎಲ್ಲರೂ ಧ್ಯಾನಕ್ಕೆ ಹೋದಾಗ ಕೈಯಿಂದ ತಡವಿ ತಡವಿ ಔಷಧಿ ಕೋಣೆ ಒರೆಸುವಳು. "ನಿಮಗೆ ಕಣ್ಣು ಮುಚ್ಚೋದೇ ಒಂದು ಕೆಲಸ. ನನಗೆ ಆ ಕೆಲಸ ಎಂದೋ ಮುಗಿದಿದೆ" ಎನ್ನುವಳು.

ಮಾರನೆಯ ದಿನ ಔಷಧಿ ಕೋಣೆ ಸೋಮಪ್ರಭೆಯ ವಶಕ್ಕೆ ಬರುವುದಿತ್ತು. ಅದಕ್ಕಾಗಿ ಅವಳು ಆರು ವರ್ಷ ಕಾದಿದ್ದಳು.

ಆ ಸಂಜೆ ಬೇವಿನ ಕಷಾಯ ಕುದಿಯುತ್ತಿರುವಾಗ ಗಂಟೆ ಕೇಳಿಸಿತು. ಅವಳು ಹಾಟ್ ಪ್ಲೇಟಿನ ನಾಬನ್ನು ಸೊನ್ನೆಗೆ ತಿರುಗಿಸಿ ಹೊರಟಳು.

ಎಂದೂ ಇಲ್ಲದ ಹಾಗೆ ಅಂದು ಧ್ಯಾನದಲ್ಲಿ ಮನಸ್ಸು ನಿಂತಿತು. ಮಂಜು ಒಳಗೆ ಬಂತು. ನದಿ ಅವಳನ್ನು ಹಾಯ್ದು ಹರಿಯಿತು.

ಕಣ್ಣು ತೆರೆದಾಗ ಗುರುವಿನ ಮಣೆ ಖಾಲಿ.

ಔಷಧಿ ಕೋಣೆಯಲ್ಲಿ ಸುಟ್ಟ ಬೇವಿನ ವಾಸನೆ. ಬೀಕರು ಬಿರುಕುಬಿಟ್ಟಿತ್ತು, ತಳದಲ್ಲಿ ಕರಿ ಹತ್ತಿತ್ತು. ಪ್ಲಗ್ಗನ್ನು ಯಾರೋ ಗೋಡೆಯಿಂದ ಕಿತ್ತುಹಾಕಿದ್ದರು. ಕಮಲಾಕ್ಷಮ್ಮ ಸ್ಟೂಲಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದ ಅಂಬಕ್ಕ.

"ಸೊನ್ನೆಗೆ ತಿರುಗಿಸಿದ್ದೆ ಅಮ್ಮಾ."

"ಹೌದು, ನಾಬು ಈಗಲೂ ಸೊನ್ನೆಯಲ್ಲೇ ಇದೆ. ಒಳಗೆ ಸ್ವಿಚ್ಚು ಅಂಟಿಕೊಂಡಿದೆ. ಕಾಯ್ತಾನೇ ಇತ್ತು."

"ಇನ್ನೊಂದು ಗೇಣು ಕಣೇ," ಎಂದಳು ಅಂಬಕ್ಕ. "ಇವರು ಬಂದು ತಡೀದಿದ್ರೆ ನನ್ನ ಕೈಯನ್ನೇ ರೊಟ್ಟಿ ಸುಟ್ಟ ಹಾಗೆ ಸುಡ್ತಿತ್ತು. ಚಟ್ನಿ ನೀನು ತರ್ತಿದ್ದೆಯೇನೋ."

ಸೋಮಪ್ರಭೆಗೆ ನಗು ಬರಲಿಲ್ಲ.

"ಇವತ್ತು ಮೊದಲ ಸಲ ಮನಸ್ಸು ನಿಂತಿತ್ತು ಅಮ್ಮಾ."

"ಗೊತ್ತಾಯ್ತು. ವಾಸನೆ ಬಂದು ಎದ್ದಾಗ ಬಾಗಿಲಲ್ಲಿ ತಿರುಗಿ ನೋಡಿದೆ. ಚೆನ್ನಾಗಿ ಕೂತಿದ್ದೆ."

"ನಾಳೆ ಕೋಣೆ ನನಗೆ ಬರೋದಿಲ್ಲ, ಅಲ್ವಾ?"

ಗುರು ಪಕ್ಕದ ನೀರಿನ ತಂಬಿಗೆಯಲ್ಲಿ ಬೆರಳು ಅದ್ದಿ ನಾಲ್ಕು ಹನಿಗಳನ್ನು ತಟ್ಟೆಗೆ ಚಿಮುಕಿಸಿದರು. ಹನಿಗಳು ಮುತ್ತಿನಂತೆ ಉರುಳಾಡಿ, ಚುಂಯ್ ಎಂದು ಇಲ್ಲವಾದವು.

"ಕೂತ್ಕೋ" ಎಂದರು.

ಮೂವರೂ ಕೂತರು. ಕಿಟಕಿಯಲ್ಲಿ ಮಂಜು ಬಂದು ನಿಂತಿತು. ತಟ್ಟೆ ಹುಣ್ಣಿಮೆಯ ಚಂದ್ರನ ಹಾಗೆ ಸುಮ್ಮನಿತ್ತು, ಯಾರಿಗೂ ಏನೂ ಮಾಡದ ವಸ್ತುವಿನ ಹಾಗೆ. ಎಷ್ಟು ಹೊತ್ತಾಯಿತೋ.

"ಆರಿತಾ?" ಎಂದರು ಗುರು.

ಸೋಮಪ್ರಭೆ ಕೂತಲ್ಲಿಂದಲೇ ನೋಡಿದಳು. "ಆರಿದೆ ಅಮ್ಮಾ."

"ಸರಿ. ಅಂಬಕ್ಕ, ಒರೆಸು."

ಅಂಬಕ್ಕ ಎದ್ದಳು. ಬಟ್ಟೆ ಹಿಡಿದ ಕೈ ಮೇಜಿನ ಅಂಚು ತಡವಿತು, ಬಿರುಕುಬಿಟ್ಟ ಬೀಕರಿನ ಪಕ್ಕ ಸುಳಿಯಿತು, ಬಿಳಿ ತಟ್ಟೆಯತ್ತ ಜರುಗಿತು. ಗುರು ಅಲ್ಲಾಡಲಿಲ್ಲ.

ಸೋಮಪ್ರಭೆ ಹಾರಿ ಆ ಮಣಿಕಟ್ಟು ಹಿಡಿದಳು. ಇನ್ನೊಂದು ಅಂಗೈಯನ್ನು ತಟ್ಟೆಯ ಮೇಲೆ, ಮುಟ್ಟದೆ, ದೂರದಿಂದ ಮೆಲ್ಲಗೆ ಇಳಿಸಿದಳು. ಗೇಣು ದೂರದಲ್ಲೇ ಬಿಸಿ ಬಂದು ತಾಗಿತು.

"ಇಲ್ಲ," ಎಂದಳು. "ಆರಿಲ್ಲ."

"ಗೊತ್ತಾಯ್ತಲ್ಲ, ಕೈ ಬಿಡೇ ತಾಯಿ," ಎಂದಳು ಅಂಬಕ್ಕ, "ಮೂಳೆ ನೋಯ್ತದೆ."

"ಬಿಡಬೇಡ," ಎಂದರು ಕಮಲಾಕ್ಷಮ್ಮ. "ನಾಳೆಯಿಂದ ಕೋಣೆ ನಿನ್ನದು."